ಡೇಟಾಬೇಸಿನ ಹೊರಗೆ ನಾನು

ನಾನು ಒಂದು ಲೈಬ್ರರಿ. ಹಾಗೆಂದೊಡನೆ ನಿಮಗೆ ಪುಸ್ತಕದ ಕಪಾಟು ನೆನಪಾದರೆ ತಪ್ಪು ನಿಮ್ಮದಲ್ಲ. ಒಂದೇ ಕೆಲಸಕ್ಕೆಂದು ಬರೆದಿಟ್ಟ ಕೋಡಿನ ಕಟ್ಟಿಗೂ ಕಂಪ್ಯೂಟರಿನವರು ಲೈಬ್ರರಿ ಎನ್ನುತ್ತಾರೆ. ನನ್ನ ಕೆಲಸ ರಕ್ತ ಹೊಂದಿಸುವುದು. ಹುಬ್ಬಳ್ಳಿಯ ಒಂದು ರಕ್ತನಿಧಿಯಲ್ಲಿ ಪರಿಮಳಾ ಜಂಬಗಿ ಎಂಬಾಕೆ ನನ್ನನ್ನು ಬರೆದಳು. ಅವಳು ಬರೆಯುತ್ತ ಕೂತರೆ ಪಕ್ಕದಲ್ಲಿಟ್ಟ ಚಹಾ ಪ್ರತಿ ಸಲವೂ ಆರಿ ತಣ್ಣಗಾಗುತ್ತಿತ್ತು.

ಅಲ್ಲಿ ಮೊದಲೇ ಒಂದು ಡೇಟಾಬೇಸ್ ಇತ್ತು. ದಾನಿಗಳ ಹೆಸರು, ಊರು, ರಕ್ತದ ಗುಂಪು ಎಲ್ಲ ಸಾಲುಸಾಲಾಗಿ ಅದರ ಹೊಟ್ಟೆಯಲ್ಲಿ. ಗುಂಪು ನೋಡಿ ಹೆಕ್ಕಿ ಕೊಡುವುದು ಅದಕ್ಕೆ ಸಲೀಸು. ಆದರೆ ಪದೇಪದೇ ರಕ್ತ ಪಡೆಯುವ ಮಕ್ಕಳಿಗೆ ಗುಂಪು ಹೊಂದಿದರೆ ಸಾಲದು. ರಕ್ತದ ಇನ್ನೂ ಹತ್ತಾರು ಸಣ್ಣ ಗುಣಗಳನ್ನು ತಾಳೆ ನೋಡಬೇಕು. ಅದು ಆ ಡೇಟಾಬೇಸ್ ದೊಡ್ಡಪ್ಪನಿಂದ ಆಗದ ಮಾತು. ಆಗ ನನ್ನನ್ನು ಕರೆಯುತ್ತಿತ್ತು. ಕರೆಯುವುದೂ ಅದೇ, ಒಳಗೆ ಬಿಟ್ಟುಕೊಳ್ಳದ್ದೂ ಅದೇ. ನಾನು ಕೆಟ್ಟರೆ ತನ್ನನ್ನೂ ಕೆಡಿಸಿಯೇನೆಂಬ ಭಯ ಅದಕ್ಕೆ. ಹೀಗಾಗಿ ಡಿಸ್ಕಿನ ಬೇರೊಂದು ಮೂಲೆಯಲ್ಲಿ ನನ್ನ ಬಿಡಾರ. ಅದರ ಬಳಿ ಇದ್ದದ್ದು ನನ್ನ ವಿಳಾಸ ಮಾತ್ರ.

ಒಂದು ಗಳಿಗೆ ಸುಮ್ಮನೆ ಕೂತವನಲ್ಲ ನಾನು. ಇದು ರೋಗಿಯ ರಕ್ತ, ಇದು ದಾನಿಯದು, ಹೊಂದುತ್ತದೋ ಇಲ್ಲವೋ ಹೇಳು, ಎನ್ನುತ್ತಿತ್ತು ಡೇಟಾಬೇಸ್. ಹೇಳಿದೊಡನೆ ಮುಂದಿನದು. ಯಾರ ಹೆಸರನ್ನೂ ನನಗೆ ಕೊಡುತ್ತಿರಲಿಲ್ಲ, ಬರೀ ಗುರುತುಗಳು. ಆ ರಕ್ತ ಯಾರಿಗೆ ಹೋಯಿತೋ, ಏನಾಯಿತೋ. ಸಿಟ್ಟು ಬರುತ್ತಿತ್ತು.

ಪರಿಮಳಾ ಧಾರವಾಡದ ಕಾಲೇಜಿಗೆ ಪಾಠ ಹೇಳಲು ಹೋದಳು. ಅವಳ ಜಾಗಕ್ಕೆ ಮೌನೇಶ ಬಂದ. ಒಳ್ಳೆಯವ, ಆದರೆ ಅವಸರದವ. ಹೊಸ ಕಂಪ್ಯೂಟರ್ ಬಂದಾಗ ಡೇಟಾಬೇಸನ್ನು ಜತನದಿಂದ ಅದಕ್ಕೆ ಸಾಗಿಸಿದ. ಒಂದು ಸಾಲೂ ತಪ್ಪಿಲ್ಲವೆಂದು ಮತ್ತೆ ಮತ್ತೆ ನೋಡಿದ. ಹೊರಗಿದ್ದ ನನ್ನ ನೆನಪು ಅವನಿಗಾಗಲಿಲ್ಲ. ದಿಬ್ಬಣದವರೆಲ್ಲ ಬಸ್ಸು ಹತ್ತಿ ಅಡುಗೆಯವನನ್ನು ಬಿಟ್ಟುಹೋದ ಹಾಗಾಯಿತು. ಹಳೆಯ ಕಂಪ್ಯೂಟರ್ ಮುರಿದ ಮಂಚಗಳ ಜೊತೆ ವರಾಂಡ ಸೇರಿತು, ಅದರೊಳಗೆ ನಾನು.

ಎರಡೇ ದಿನ ಕಳೆದಿತ್ತು, ಬೆಳಿಗ್ಗೆ ಇದ್ದಕ್ಕಿದ್ದಂತೆ ಕರೆಂಟು ಬಂತು. ಸ್ವಿಚ್ ಹಾಕಿದವ ಮೌನೇಶ. ಫೋನಿನಲ್ಲಿ ಪರಿಮಳಾ ಇದ್ದಳು.

"ಶಿರೀನ್ ಅಂತ ಎಂಟು ವರ್ಷದ ಹುಡುಗಿ ರೀ ಮೇಡಂ. ಹಿಮೋಗ್ಲೋಬಿನ್ ಭಾಳ ಇಳದೈತಿ. ಹೊಂದೋ ರಕ್ತ ಹುಡುಕಾಕ ಹೋದ್ರ ಲೈಬ್ರರಿ ಇಲ್ಲ ಅಂತೈತಿ. ಡೇಟಾಬೇಸ್ ಪೂರಾ ತಂದೀನ್ರೀ ನಾ."

"ಅದು ಡೇಟಾಬೇಸಿನ್ಯಾಗ ಎಲ್ಲಿತ್ತಪಾ? ಹೊರಗಿತ್ತು. ಹಳೇ ಡಿಸ್ಕ್ ನೋಡು."

"ಡಾಕ್ಟರು ಕೈಲೇ ತಾಳೆ ನೋಡಾಕತ್ತಾರ. ಸಂಜೀತನಕಾ ಮುಗಿಯೂದಿಲ್ಲಂತ. ಅಷ್ಟೊತ್ತು ಆ ಕೂಸು ತಡಿಯೂದಿಲ್ರೀ. ಗುಜರಿಯವ ಬ್ಯಾರೆ ಗಾಡಿ ತಂದು ನಿಂತಾನ."

"ನಿಂದರ್ಲಿ. ನೀ ಹುಡುಕು."

ಹುಡುಕಿದ. ನನ್ನ ಮುಂದೆಯೇ ಹಾದುಹೋದ. ಕೂಗಲು ನನಗೆ ಬಾಯಿಲ್ಲ. ಇನ್ನೊಮ್ಮೆ ಹಾದುಹೋದ. ಪರಿಮಳಾ ಫೈಲಿನ ಹೆಸರನ್ನು ಅಕ್ಷರ ಬಿಡಿಸಿ ಹೇಳಿದ ಮೇಲೆ ಕೊನೆಗೂ ಕಂಡೆ. ಪೆನ್ ಡ್ರೈವಿಗೆ ನನ್ನ ನಕಲು ತೆಗೆದುಕೊಂಡು ಓಡಿದ.

ಎಷ್ಟೋ ಹೊತ್ತಿನ ಮೇಲೆ ತಿರುಗಿ ಬಂದು ಮುರಿದ ಮಂಚದ ಮೇಲೆ ಕುಸಿದು ಕೂತ. "ಸಿಕ್ತ್ರೀ ಮೇಡಂ," ಎಂದ ಫೋನಿನಲ್ಲಿ. "ಕೇಶ್ವಾಪುರದಾಗ ಒಬ್ಬಾಂವ ಅದಾನ, ಹೊಂಟಾನಂತ. ಆದ್ರ ಮುಂದಿನ ತಿಂಗಳು ಮತ್ತ ಬೇಕಂತ ಆಕೀಗೆ." ಆಮೇಲೆ ಗುಜರಿಯವನಿಗೆ ಕೈ ಮಾಡಿ ಪ್ಲಗ್ ಕಿತ್ತ.

ಈಗ ಗುಜರಿ ಅಂಗಡಿಯಲ್ಲಿ ಹಳೆಯ ಕೀಬೋರ್ಡುಗಳ ರಾಶಿಯ ಕೆಳಗಿದ್ದೇನೆ. ಹೋದದ್ದೂ ನಾನೇ, ಉಳಿದದ್ದೂ ನಾನೇ, ಒಂದಕ್ಷರದ ಫರಕಿಲ್ಲ. ಅಲ್ಲಿ ದುಡಿಯುವ ನನಗೆ ಶಿರೀನ್ ಯಾರೆಂದು ಗೊತ್ತಿಲ್ಲ. ಹೆಸರು ಗೊತ್ತಿರುವುದು ಇಲ್ಲಿ ಬಿದ್ದಿರುವ ನನಗೆ. ತಿಂಗಳು ತುಂಬುತ್ತ ಬಂತೇನೋ ಅನ್ನಿಸಿದಾಗಲೆಲ್ಲ ಜೀವ ತಳಮಳಿಸುತ್ತದೆ. ಈ ಸಲ ದಾನಿ ಸಿಕ್ಕನೇ, ಹುಡುಗಿ ಮನೆಗೆ ಹೋದಳೇ ಎಂದು ಯಾರನ್ನಾದರೂ ಕೇಳೋಣವೆಂದರೆ ಕೇಳುವುದು ನನಗೆ ಬರುವುದಿಲ್ಲ. ಪರಿಮಳಾ ನನಗೆ ಉತ್ತರ ಕೊಡುವುದನ್ನಷ್ಟೇ ಕಲಿಸಿದಳು.