ಕೆಂಪು ಚುಕ್ಕೆಯ ಕರೆಗಳು

ರಾಜಾಜಿನಗರದ ವಾಟರ್ ಫಿಲ್ಟರ್ ಕಂಪನಿಯೊಂದರ ಕಾಲ್ ಸೆಂಟರ್‌ನಲ್ಲಿ ಯಾರ ಕರೆ ಯಾರಿಗೆಂದು ಹಂಚುವವಳು ನಾನು. ಹೊಸದಾಗಿ ಸೇರಿದ ರಾಗಿಣಿಯನ್ನು ಮ್ಯಾನೇಜರ್ ಮೂರೇ ದಿನಕ್ಕೆ ಹೊಗಳಿದರು. ಎಂಟು ವರ್ಷ ದುಡಿದ ನನಗೆ ಒಂದು ಒಳ್ಳೆಯ ಮಾತಿಲ್ಲ. ಹೊಟ್ಟೆ ಉರಿಯಿತು. ಬಾಯಿಗೆ ಬಂದಂತೆ ಬೈಯುವ ಗ್ರಾಹಕರ ನಂಬರಿನ ಮುಂದೆ ನಮ್ಮ ಪರದೆಯಲ್ಲಿ ಕೆಂಪು ಚುಕ್ಕೆ ಇರುತ್ತದೆ. ಅಂಥ ಕರೆಗಳನ್ನೆಲ್ಲ, ಚುಕ್ಕೆ ಬಿಟ್ಟು ನಂಬರನ್ನೂ ನೋಡದೆ, ಅವಳಿಗೇ ತಿರುಗಿಸಿ, ಅಳಲಿ ಎಂದು ಕಾದೆ. ಅವಳು ಅಳಲಿಲ್ಲ.

ನಿನ್ನೆ ಸಂಜೆ ಮನೆಯಲ್ಲಿ ಅಮ್ಮ ಕಾಫಿ ಕೊಡುತ್ತಾ ಅಂದಳು: "ಫಿಲ್ಟರ್ ಕೆಟ್ಟಿದೆ ಅಂತ ನಿಂಗೆ ಹೇಳಿ ಹೇಳಿ ಸಾಕಾಯ್ತು. ನಿಮ್ಮ ಆಫೀಸಿಗೇ ಫೋನ್ ಮಾಡಿ ಎರಡು ಸಲ ಬೈದೆ. ಮೂರನೇ ಸಲ ರಾಗಿಣಿ ಅಂತ ಒಬ್ಳು ಸಿಕ್ಕಿದ್ಳು. ಎಷ್ಟು ತಾಳ್ಮೆಯಿಂದ ಕೇಳಿಸ್ಕೊಂಡ್ಳು ಕಣೇ. ಫಿಲ್ಟರ್ ಸರಿಹೋಯ್ತು. ಆದ್ರೂ ಅವಳ ಹತ್ರ ಮಾತಾಡೋಕೆ ನಾಳೆ ಇನ್ನೊಂದ್ಸಲ ಮಾಡ್ತೀನಿ."