ಗೇಟಿಗೆ ಕಟ್ಟಿದ ಚಿತ್ರಪುಸ್ತಕ

ನಾನು ಒಂದು ಚಿತ್ರಪುಸ್ತಕ. ದಪ್ಪ ರಟ್ಟು, ನುಣುಪಾದ ಹಾಳೆ. ಮುಖಪುಟದ ತುಂಬ ಕಣ್ಣು, ಬಾಯಿ ಕೊರೆದು ಒಳಗೆ ದೀಪ ಇಟ್ಟ ಕುಂಬಳಕಾಯಿ. ಅಚ್ಚಾದದ್ದು ಹೊರದೇಶದಲ್ಲಿ. ಅಲ್ಲಿ ಹ್ಯಾಲೋವೀನ್ ಎಂಬ ಹಬ್ಬದ ಸಂಜೆ ಮಕ್ಕಳು ದೆವ್ವದ ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಮಿಠಾಯಿ ಬೇಡುತ್ತಾರೆ. ಆ ಕತೆಯನ್ನು ಪುಟ್ಟ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಲಿ ಎಂದೇ ನನ್ನನ್ನು ಮಾಡಿದ್ದು. ನೀವು ಇದನ್ನು ಮರೆತರೂ ನಾನು ಮರೆತಿಲ್ಲ.

ಯಾರೋ ಉಡುಗೊರೆ ಎಂದು ಹುಬ್ಬಳ್ಳಿಗೆ ತಂದರು. ಆ ಮನೆಯ ಹುಡುಗ ನನ್ನನ್ನು ಒಮ್ಮೆ ತಿರುವಿಹಾಕಿ ಮೊಬೈಲ್ ಹಿಡಿದ. ಕೊನೆಗೆ ರದ್ದಿ ಅಂಗಡಿ ಸೇರಿದೆ. ಅಲ್ಲಿಂದ ನನ್ನನ್ನು ಎತ್ತಿಕೊಂಡವನು ದುರಗಪ್ಪ, ಕಟ್ಟುತ್ತಿದ್ದ ಮನೆಯೊಂದರ ವಾಚ್‌ಮನ್. ಅವನು ಎದೆಗೆ ಅವಚಿಕೊಂಡು ಹೊರಟಾಗ ಹಿಗ್ಗಿಹೋದೆ. ಇನ್ನು ಯಾವ ಮಗುವಿನ ತೊಡೆಯೋ ಎಂದುಕೊಂಡೆ. ಆ ಪುಣ್ಯಾತ್ಮ ಸೀದಾ ಬಂದವನೇ ತಂತಿ ಬಿಗಿದು ನನ್ನನ್ನು ಗೇಟಿಗೆ ತೂಗುಹಾಕಿಬಿಟ್ಟ!

ಕಟ್ಟುವ ಮನೆಗೆ ಕೆಟ್ಟ ಕಣ್ಣು ತಾಗದಿರಲಿ ಎಂದು ರಾಕ್ಷಸನ ಮುಖ ಕಟ್ಟುವುದು ಇಲ್ಲಿಯ ರೂಢಿ. ಹಳೆಯ ದೃಷ್ಟಿಗೊಂಬೆ ಬಿಸಿಲಿಗೆ ಹರಿದು ಬಿದ್ದಿತ್ತಂತೆ. ನನ್ನ ಮುಖ ನೋಡಿ ದುರಗಪ್ಪ ಇದೂ ಅಂಥದ್ದೇ ಎಂದುಕೊಂಡಿದ್ದ. ನನಗೆ ಮೈಯೆಲ್ಲ ಉರಿಯಿತು. ಪುಸ್ತಕವನ್ನು ತೆರೆಯಲಾಗದಂತೆ ಕಟ್ಟುವುದೆಂದರೇನು?

ಗೇಟಿನ ಒಳಗಿನ ತಗಡಿನ ಶೆಡ್ಡಿನಲ್ಲೇ ಅವನ ಸಂಸಾರ. ಮಗಳು ಸಾವಂತ್ರಿಗೆ ಐದು ವರ್ಷ. ಹಳೆಯ ಗೊಂಬೆಯ ಹೆದರಿಕೆಗೆ ಅವಳು ಗೇಟು ದಾಟುತ್ತಲೇ ಇರಲಿಲ್ಲ, ಅಂಗನವಾಡಿಯ ಮುಖವನ್ನೇ ನೋಡಿರಲಿಲ್ಲ. ಹೀಗೆ ಮರಳಿನ ಗುಡ್ಡೆಯ ಹಿಂದೆ ಅಡಗಿ ಕೂತರೆ ನಾಳೆ ಶಾಲೆಗೆ ಹೋಗುವುದು ಹೇಗೆ ಎಂದು ತಾಯಿ ಲಗುಮವ್ವನಿಗೆ ಅದೇ ಚಿಂತೆ.

"ಯವ್ವಾ, ಇದು ನಗಾಕತ್ತೈತಿ!" ಎನ್ನುತ್ತ ಸಾವಂತ್ರಿ ಗೇಟಿನ ಹತ್ತಿರ ಬಂದಳು. ಅಷ್ಟರಲ್ಲಿ ಗಾಳಿಗೆ ತಂತಿ ಸಡಿಲವಾಗಿ ನನ್ನ ಹಾಳೆಗಳು ಪಟಪಟ ತೆರೆದುಕೊಂಡವು.

"ಒಳಗ ಹುಡುಗ್ರು ಅದಾರ! ಇಳಸ ಬೇ!"

"ದೃಷ್ಟಿಗೊಂಬಿ ಇಳಸಬಾರದವಾ, ಸಾವಕಾರ್ರ ಮನಿಗೆ ಕೇಡು."

ಮಗಳು ಅಳತೊಡಗಿದಳು, ಏನು ಮಾಡಿದರೂ ನಿಲ್ಲಿಸಲಿಲ್ಲ. ಲಗುಮವ್ವ ಯೋಚಿಸಿ, ನನ್ನ ರಟ್ಟನ್ನು ಗೇಟಿಗೇ ಬಿಟ್ಟು ಹಾಳೆಗಳನ್ನು ಕಿತ್ತುಕೊಟ್ಟಳು. ನೋವಾಯಿತು, ಸುಳ್ಳೇಕೆ ಹೇಳಲಿ? ಆದರೆ ಅವತ್ತೇ ನನಗೆ ತೊಡೆ ಸಿಕ್ಕಿತು.

ಲಗುಮವ್ವನಿಗೆ ಓದು ಬಾರದು. ಚಿತ್ರ ನೋಡಿ ತಾನೇ ಕತೆ ಕಟ್ಟಿದಳು. "ಇವ್ರು ಹಗಲುವ್ಯಾಸದಾವ್ರು. ಮಾರಿಗೆ ಬಣ್ಣಾ ಬಳಕೊಂಡು ಮನಿಮನಿಗೆ ಬಂದು ಕಾಳುಕಡಿ ಇಸಕೊಂಡು ಹೊಕ್ಕಾರಲ್ಲ, ಹಂಗ. ಈ ದೆವ್ವ ನೋಡು, ಕೆಳಗ ಬೂಟು ಕಾಣಾಕತ್ತಾವು."

ಸಾವಂತ್ರಿ ಬೂಟುಗಳ ಮೇಲೆ ಬೆರಳಿಟ್ಟಳು. "ಅಂದ್ರ ಒಳಗ ಮನಷ್ಯಾರು ಇರ್ತಾರನು?"

"ಹೌದವಾ ಮತ್ತ."

ದಿನಾ ಅದೇ ಕತೆ, ದಿನಾ ಅದೇ ಬೂಟು. ನಗುವ ರಟ್ಟಿನ ಕೆಳಗೆ ಹಾದು ಅವಳು ಅಂಗನವಾಡಿಗೆ ಹೋಗತೊಡಗಿದಳು.

ಹೀಗಿರುವಾಗ ಒಂದು ಸಂಜೆ ಮನೆಯ ಮಾಲೀಕರು ಬಂದರು. "ಏನೋ ದುರಗಪ್ಪಾ, ದೃಷ್ಟಿಗೊಂಬಿ ಹಿಂಗ ನಕ್ಕರ ಯಾರ ಅಂಜತಾರೋ?" ಎಂದು ನನ್ನ ರಟ್ಟನ್ನು ತೆಗೆಸಿ, ತಾವೇ ತಂದ ಗೊಂಬೆ ಕಟ್ಟಿಸಿದರು. ಕಪ್ಪು ಮುಖ, ಕೋರೆಹಲ್ಲು, ಎದೆಯವರೆಗೆ ಇಳಿದ ಕೆಂಪು ನಾಲಿಗೆ. ಲಗುಮವ್ವನ ಮುಖ ಬಾಡಿತು. ಎಲ್ಲ ಮತ್ತೆ ಮೊದಲಿನಂತೆ ಆಯಿತು ಎಂದು ನಾನೂ ಕಂಗಾಲಾದೆ.

ಮರುದಿನ ಬೆಳಿಗ್ಗೆ ಸಾವಂತ್ರಿ ನನ್ನನ್ನು ಬಿಗಿಯಾಗಿ ಅಪ್ಪಿಕೊಂಡು ಗೇಟಿನ ಎದುರು ನಿಂತಳು. ಅವಳ ಎದೆ ಡವಗುಟ್ಟುವುದು ನನಗೆ ಕೇಳುತ್ತಿತ್ತು. ತಾಯಿ ಕೈಚಾಚಿದರೂ ಹಿಡಿಯಲಿಲ್ಲ. ಬಗ್ಗಿ ಆ ನಾಲಿಗೆಯ ಕೆಳಗೆ ಎಷ್ಟೋ ಹೊತ್ತು ಇಣುಕಿದಳು.

"ಏ ಒಳಗಿರಾಂವಾ, ಸಂಜೀಕ ಬಾ, ನಿನಗೂ ಕತಿ ಹೇಳ್ತೇನಿ. ಈಗ ನಾ ಅಂಗನವಾಡಿಗೆ ಹೊಂಟೇನಿ," ಎಂದವಳೇ ಗೇಟು ದಾಟಿದಳು. ಲಗುಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಸೆರಗಿಲ್ಲ, ಇದ್ದಿದ್ದರೆ ನಾನೂ ಒರೆಸಿಕೊಳ್ಳುತ್ತಿದ್ದೆ.

ಆಮೇಲೆ ಲಗುಮವ್ವ ದಬ್ಬಣ, ಸುತಲಿ ದಾರ ತಂದು ನನಗೆ ರಟ್ಟನ್ನು ಮತ್ತೆ ಹೊಲಿದಳು. ಆ ಮನೆ ಮುಗಿದು ಅವರು ಬೇರೆ ಕಟ್ಟಡಕ್ಕೆ ಹೊರಟಾಗ ಸಾವಂತ್ರಿ ನನ್ನನ್ನು ಅಂಗನವಾಡಿಗೆ ಕೊಟ್ಟಳು. ಇಲ್ಲಿ ಹ್ಯಾಲೋವೀನ್ ಎಂದರೇನೆಂದು ಯಾರೂ ಕೇಳಿಲ್ಲ. ಅಳುತ್ತ ಬರುವ ಹೊಸ ಮಕ್ಕಳಿಗೆ ಟೀಚರಮ್ಮ ಮೊದಲು ತೆರೆಯುವುದು ನನ್ನನ್ನೇ. ನನಗೆ ವಯಸ್ಸಾಯಿತು, ಮೂಲೆಗಳು ಸವೆದಿವೆ. ಬೆರಳು ತಾಗಿ ತಾಗಿ ದೆವ್ವದ ಬೂಟುಗಳು ಪೂರ್ತಿ ಅಳಿಸಿಹೋಗಿವೆ. ಆದರೂ ಮಕ್ಕಳು ಅಲ್ಲೇ ಬೆರಳಿಟ್ಟು, ಒಳಗೆ ಯಾರೋ ಇದ್ದಾರೆ ಎಂದು ನಗುತ್ತಾರೆ.