ಗೋಡೆಯ ಮೇಲೆ ಅತ್ತೆಯ ಮುಖ

ಅತ್ತೆಯನ್ನು ಹೊಗಳುವ ಅಭ್ಯಾಸ ನನಗಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುವ ಗಾದೆಯನ್ನು ಯಾರೋ ನಮ್ಮತ್ತೆಯನ್ನು ನೋಡಿಯೇ ಕಟ್ಟಿರಬೇಕು. ಅಡುಗೆಗೆ ಒಂದು ಚಿಟಿಕೆ ಉಪ್ಪು ಹೆಚ್ಚಾದರೆ ವಾರವಿಡೀ ಅದೇ ಪುರಾಣ. ಆದರೂ ಗೋಡೆಯ ವಿಷಯ ಬಂದಾಗ ಹೊಗಳದೆ ವಿಧಿಯಿಲ್ಲ. ಅವರ ಎದುರಿಗೆ ಹೇಳಿದರೆ ತಲೆಯ ಮೇಲೆ ಕೂತುಬಿಡುತ್ತಾರೆ ಅಂತ ಇಲ್ಲಿ ಹೇಳುತ್ತಿದ್ದೇನೆ.

ನಮ್ಮ ಗಲ್ಲಿಯ ಕೊನೆಯಲ್ಲಿ ಒಂದು ಹಳೆಯ ಗೋದಾಮಿನ ಹಿಂಭಾಗದ ಕಾಂಪೌಂಡು ಗೋಡೆ ಇದೆ. ಹಗಲಲ್ಲಿ ಅವಸರದವರು, ಕತ್ತಲಾದ ಮೇಲೆ ಎಲ್ಲರೂ ಅದರ ಮುಂದೆ ನಿಲ್ಲುತ್ತಿದ್ದರು. ಎಲ್ಲರೂ ಅಂದರೆ ಗಂಡಸರೆಲ್ಲರೂ. ಅದರ ಬುಡದಲ್ಲೇ ನಮ್ಮ ಬೀದಿ ನಲ್ಲಿಯ ಪೈಪು ಹಾದುಹೋಗುತ್ತದೆ. ಪೈಪು ನಮ್ಮಜ್ಜನ ಕಾಲದ್ದು, ಜಾಯಿಂಟುಗಳೆಲ್ಲ ಸಡಿಲ. ಹೊಸದು ಹಾಕಿಕೊಡಿ ಅಂತ ಕಚೇರಿಗೆ ಅಲೆದದ್ದಷ್ಟೇ ಬಂತು. ಗಲ್ಲಿಯ ಮಕ್ಕಳಿಗೆ ವಾಂತಿಭೇದಿ ತಪ್ಪಿದ್ದೇ ಇಲ್ಲ. ಒಂದು ವರ್ಷ ನನ್ನ ಮಗಳೇ ಆಸ್ಪತ್ರೆ ಸೇರಿದಳು. ಪುಟ್ಟ ಕೈಗೆ ಸೂಜಿ ಚುಚ್ಚಿ ಗ್ಲೂಕೋಸ್ ಏರಿಸುತ್ತಿದ್ದಾಗ ನಮ್ಮ ಗಲ್ಲಿಯವರೇ ಆದ ನರ್ಸಮ್ಮ, ಪೈಪು ಬದಲಾಗುವವರೆಗೆ ಆ ಗೋಡೆಯ ಬುಡ ಒಣಗಿರಬೇಕು, ಇಲ್ಲದಿದ್ದರೆ ಮುಂದಿನ ಸಲ ಏನಾಗುತ್ತದೋ ಹೇಳಲಾರೆ ಎಂದರು. ಅತ್ತೆ ಮೊಮ್ಮಗಳ ಪಾದ ಸವರುತ್ತಾ ಕೂತಿದ್ದರು. ಅಂದು ಅವರು ಯಾರನ್ನೂ ಬೈಯಲಿಲ್ಲ. ನನಗೆ ಭಯವಾದದ್ದು ಅದಕ್ಕೇ.

ನಮ್ಮದೊಂದು ನಲ್ಲಿ ಸಂಘ ಇತ್ತು. ಕೊಡ ಹಿಡಿದು ಜಗಳವಾಡುತ್ತಿದ್ದ ಹೆಂಗಸರೇ ಸುಸ್ತಾಗಿ ಕಟ್ಟಿಕೊಂಡ ಸಂಘ ಅದು, ಅತ್ತೆಯೇ ಅದಕ್ಕೆ ಯಜಮಾನಿ. ಪಾಳುಬಿದ್ದಿದ್ದ ಸಾರ್ವಜನಿಕ ಟಾಯ್ಲೆಟ್ಟನ್ನು ನಾವೇ ರಿಪೇರಿ ಮಾಡಿಸಿ, ಸರದಿಯ ಮೇಲೆ ತೊಳೆದು, ಕನ್ನಡಿಯ ಹಾಗೆ ಇಟ್ಟಿದ್ದೆವು. ಹಿಂದೊಮ್ಮೆ ಕಳ್ಳರು ನಲ್ಲಿ, ಬಕೆಟ್ಟು, ಕೊನೆಗೆ ಚಿಲಕಗಳನ್ನೂ ಬಿಡದೆ ಹೊತ್ತೊಯ್ದಿದ್ದರಿಂದ ಸಂಜೆಯಾದೊಡನೆ ಅತ್ತೆ ಬೀಗ ಜಡಿದು ಕೀಲಿಕೈಯನ್ನು ಕೊರಳ ದಾರಕ್ಕೆ ಪೋಣಿಸಿಕೊಳ್ಳುತ್ತಿದ್ದರು. ಬೇರೆ ಬಡಾವಣೆಯವರು ಬಂದು ನೋಡಿ ಬೆರಗಾಗಿ ಹೋಗುತ್ತಿದ್ದರು.

ಗೋಡೆಗೆ ಮೊದಲು 'ಇಲ್ಲಿ ಮೂತ್ರ ಮಾಡಬಾರದು' ಅಂತ ಬರೆಸಿದೆವು. ಜನ ಅದನ್ನು ಓದುತ್ತಲೇ ಮಾಡಿದರು. ಆಮೇಲೆ ಬೋರ್ಡು ಬರೆಯುವವನನ್ನು ಕರೆದು ಹೂವಿನ ಗಿಡ ಬರೆಸಿದೆವು. ಅಂಗಡಿಗಳ ಹೆಸರು, ಲಾರಿಗಳ ಹಿಂದಿನ ನವಿಲು ಎಲ್ಲ ಅವನದೇ ಕೈ. ಚೆನ್ನಾಗಿಯೇ ಬರೆದಿದ್ದ, ಆದರೆ ಎಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಗಿಡಕ್ಕೆ ನೀರು ಹಾಕಿದೆ ಬಿಡಿ ಅಂತ ನಕ್ಕವನೂ ಒಬ್ಬ ಇದ್ದ.

ಆಗ ಬೋರ್ಡಿನವನೇ ಒಂದು ಉಪಾಯ ಹೇಳಿದ. ಗುರುತಿನವರ ಮುಖ ಬರೆದರೆ ಯಾರೂ ಅದರ ಮುಂದೆ ನಿಲ್ಲುವುದಿಲ್ಲವಂತೆ. ಸಂಘದವರಿಗೆಲ್ಲ ಹಿಡಿಸಿತು. ಯಾರ ಮುಖ ಅಂದ ತಕ್ಷಣ ಒಬ್ಬೊಬ್ಬರಿಗೂ ಮನೆಯಲ್ಲಿ ಒಲೆಯ ಮೇಲಿಟ್ಟದ್ದು ನೆನಪಾಯಿತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಅಕಸ್ಮಾತ್ ಯಾರಾದರೂ ನಿಂತೇಬಿಟ್ಟರೆ ಜೀವಮಾನವಿಡೀ ತಲೆ ಎತ್ತುವ ಹಾಗಿಲ್ಲ.

"ನಂದು ಬರಿಯಪ್ಪ," ಅಂದರು ಅತ್ತೆ. "ಹೆಂಗೂ ಈ ಮುಖ ನೋಡಿದ್ರೆ ಎಲ್ರಿಗೂ ಭಯ."

ನನ್ನ ಗಂಡ ಆ ದಿನ ಊಟ ಮಾಡಲಿಲ್ಲ. ಹೆತ್ತ ತಾಯಿಯ ಮುಖ ಆ ಹೊಲಸು ಗೋಡೆಯ ಮೇಲೆ, ನಾಳೆ ಯಾರಾದರೂ ಏನಾದರೂ ಮಾಡಿದರೆ ತಾನು ಕೊಲೆ ಮಾಡಿ ಜೈಲಿಗೆ ಹೋಗಬೇಕಾಗುತ್ತದೆ ಅಂತ ಕೂಗಾಡಿದರು. ಹೋಗುವುದಾದರೆ ಪೈಪಿನ ಆಫೀಸಿಗೆ ಒಮ್ಮೆ ಹೋಗಿ ಬಂದು ಆಮೇಲೆ ಜೈಲಿಗೆ ಹೋಗು ಅಂದರು ಅತ್ತೆ.

ಅವರು ಬಕೆಟ್ಟು ಬೋರಲು ಹಾಕಿಕೊಂಡು ಗೋಡೆಯೆದುರು ಕೂತರು. ಬೋರ್ಡಿನವನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಬರೆದ. ಸ್ವಲ್ಪ ನಗಿ ಅಮ್ಮ ಅಂದರೆ, ನಗಿಸೋ ಕೆಲಸ ಮಾಡಿದ್ದೀಯಾ ಅಂತ ಅವನಿಗೇ ಮಂಗಳಾರತಿಯಾಯಿತು. ಬಣ್ಣ ಒಣಗಿದ ಮೇಲೆ ನೋಡುತ್ತೇನೆ, ಸಾಕ್ಷಾತ್ ಅತ್ತೆ. ಗಲ್ಲದ ಮಚ್ಚೆ, ಬಿಗಿದ ತುಟಿ, ಎಲ್ಲಿ ನಿಂತರೂ ಬೆನ್ನಟ್ಟಿ ಬರುವ ಕಣ್ಣು. ಮನೆಯಲ್ಲಿ ಒಬ್ಬರು ಸಾಲದೇ ಅಂತ ನನಗೆ ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ.

ಗೋಡೆ ಒಣಗಿತು. ಬಂದವರು ಪ್ಯಾಂಟಿನ ಗುಂಡಿಗೆ ಕೈ ಹಾಕಿ, ತಲೆ ಎತ್ತಿ ನೋಡಿ, ಏನೋ ಮರೆತವರ ಹಾಗೆ ಹಿಂತಿರುಗಿದರು. ಸೈಕಲ್ ರಿಪೇರಿಯವನಂತೂ ಅದರ ಮುಂದೆ ಹಾದುಹೋಗುವಾಗ ಬಾಯಿಯ ಬೀಡಿ ತೆಗೆದು ಹಿಂದೆ ಹಿಡಿಯುತ್ತಿದ್ದ. ಒಂದು ತಿಂಗಳು ಯಾವ ಮಗುವಿಗೂ ಹೊಟ್ಟೆ ಕೆಡಲಿಲ್ಲ. ಸಂಘದ ಟೈಲರಮ್ಮನೂ ನರ್ಸಮ್ಮನೂ ತಮ್ಮ ಮುಖವನ್ನೂ ಬರೆಸಿಕೊಳ್ಳಲು ಒಪ್ಪಿದರು. ಅತ್ತೆ ನಡೆಯುವ ಗತ್ತೇ ಬದಲಾಯಿತು.

ಒಂದು ಬೆಳಿಗ್ಗೆ ನೀರಿಗೆ ಹೋದವಳು ಕೊಡ ಅಲ್ಲೇ ಬಿಟ್ಟು ಓಡಿಬಂದೆ. ಗೋಡೆ ಒದ್ದೆಯಾಗಿತ್ತು. ಅತ್ತೆಯ ಚಿತ್ರದ ಕೆಳಗೇ. ಅತ್ತೆಯ ಮುಖಕ್ಕೆ ಮಾತ್ರ ಯಾರೋ ಒಂದು ಟವೆಲು ಇಳಿಬಿಟ್ಟಿದ್ದರು. ಜಾರದಿರಲಿ ಅಂತ ಗೋಡೆಯ ಮೇಲಂಚಿನಲ್ಲಿ ಎರಡು ಕಲ್ಲು ಹೇರಿದ್ದರು.

ನನ್ನ ಗಂಡ ಹೋಗಿ ಆ ಟವೆಲನ್ನು ಕೋಲಿನಲ್ಲಿ ಎತ್ತಿ ಮನೆ ಬಾಗಿಲಿಗೆ ತಂದರು. ಹಳೆಯದು, ಒಗೆದು ಒಗೆದು ತೆಳ್ಳಗಾದದ್ದು, ಒಂದು ಮೂಲೆಗೆ ಯಾರೋ ಜತನದಿಂದ ತೇಪೆ ಹಾಕಿದ್ದರು. ಟೀ ಅಂಗಡಿಯಲ್ಲಿ ತೂಗುಹಾಕುತ್ತೇನೆ, ಯಾರದು ಅಂತ ಮಧ್ಯಾಹ್ನದೊಳಗೆ ಗೊತ್ತಾಗುತ್ತದೆ, ಆಮೇಲೆ ಅವನ ಗ್ರಹಚಾರ ಬಿಡಿಸುತ್ತೇನೆ ಅಂತ ಹೊರಟರು. ಅತ್ತೆ ಟವೆಲನ್ನು ಕಿತ್ತುಕೊಂಡು ಒಳಗೆ ಬಂದರು. ಬೆಳಗಿನ ಕಾಫಿಯನ್ನೂ ಮುಟ್ಟದೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಅವಮಾನಕ್ಕೆ ಹೀಗೆ ಕೂತಿದ್ದಾರೆ ಅಂದುಕೊಂಡೆ. ಬೈಯುವ ಅತ್ತೆಯನ್ನು ಸಹಿಸಬಹುದು, ಇದನ್ನಲ್ಲ.

ಕೊನೆಗೆ ಅವರು ನನ್ನನ್ನು ಕರೆದು ಕೇಳಿದರು. "ಮಾನಮರ್ಯಾದೆ ಇಲ್ದೋನು ನನ್ನ ಮುಖ ಮುಚ್ತಿದ್ನೇನೇ?"

ಇಲ್ಲ ಅಂದೆ.

"ಹಂಗಾದ್ರೆ ಮರ್ಯಾದಸ್ಥ. ಮರ್ಯಾದಸ್ಥ ಅಲ್ಲಿಗ್ಯಾಕೆ ಬಂದ?"

ನನ್ನ ನಾಲಿಗೆ ಯಾವಾಗಲೂ ನನಗಿಂತ ಮುಂದೆ. "ಟಾಯ್ಲೆಟ್ಟಿಗೆ ಬೀಗ ಹಾಕಿದ್ರಲ್ಲ ಅತ್ತೆ, ಇನ್ನೆಲ್ಲಿಗೆ ಹೋಗ್ತಾನೆ?"

ಇವತ್ತು ನನ್ನ ಕಥೆ ಮುಗಿಯಿತು ಅಂದುಕೊಂಡೆ. ಅತ್ತೆ ಕೊರಳ ದಾರದ ಕೀಲಿಕೈಯನ್ನು ಹಿಡಿದು, ಅದನ್ನು ಈಗಷ್ಟೇ ಕಂಡವರ ಹಾಗೆ ನೋಡಿದರು. ಆಮೇಲೆ ಎದ್ದು ಟವೆಲನ್ನು ಸೋಪು ಹಾಕಿ ಒಗೆಯಲು ಹೋದರು.

ಸಂಜೆ ಸಂಘದವರನ್ನೆಲ್ಲ ಕರೆದು, ಇನ್ನು ಮೇಲೆ ಬೀಗ ಹಾಕುವುದಿಲ್ಲ, ರಾತ್ರಿಯಿಡೀ ಲೈಟೂ ಉರಿಯುತ್ತದೆ ಎಂದರು. ಸಭೆ ಜೇನುಗೂಡಿಗೆ ಕಲ್ಲು ಬಿದ್ದ ಹಾಗಾಯಿತು. ಕೈ ಬೊಬ್ಬೆ ಬರುವಂತೆ ತಿಕ್ಕಿದ್ದು ಒಂದೇ ರಾತ್ರಿಯಲ್ಲಿ ಮಣ್ಣುಪಾಲಾಗುತ್ತದೆ, ನಲ್ಲಿಗಳು ಮತ್ತೆ ಗುಜರಿ ಸೇರುತ್ತವೆ ಅಂತ ಟೈಲರಮ್ಮ ಕಣ್ಣೀರು ಹಾಕಿದಳು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ನನಗೂ ಅದೇ ಹೆದರಿಕೆ.

"ನಲ್ಲಿ ಹೋದ್ರೆ ಇನ್ನೊಂದು ಹಾಕ್ಸೋಣ," ಅಂದರು ಅತ್ತೆ. "ಮಗು ಹೋದ್ರೆ ಹಾಕ್ಸೋಕಾಗತ್ತಾ? ಬೇಕಾದಾಗ ಕಾಲಿಡೋಕಾಗ್ದ ಜಾಗ ಕ್ಲೀನಾಗಿದ್ರೆ ಅದೇನು ದೊಡ್ಡಸ್ತಿಕೆ. ಗೋಡೆ ಮೇಲೆ ಕೂತು ಊರೋರನ್ನೆಲ್ಲ ಗುರಾಯಿಸ್ದೆ. ತಪ್ಪು ನನ್ನ ಕೊರಳಲ್ಲೇ ನೇತಾಡ್ತಿತ್ತು."

ಅಷ್ಟು ಜನರ ಎದುರಿಗೆ ಅತ್ತೆ ತಪ್ಪು ಒಪ್ಪಿಕೊಂಡದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಟೈಲರಮ್ಮ ಮೂಗು ಒರೆಸಿಕೊಂಡು, ಬಲ್ಬು ದೊಡ್ಡದೇ ಹಾಕಿಸಿ ಹಾಗಾದರೆ ಅಂದಳು. ಒಗೆದು ಮಡಿಸಿದ ಟವೆಲನ್ನು ಅತ್ತೆ ಗಂಡಸರ ಕಡೆಯ ಮೊದಲ ಬಾಗಿಲಿನ ಮೊಳೆಗೆ ನೇತುಹಾಕಿ ಬಂದರು. ಯಾರದು ಅಂತ ಕೇಳಬಾರದು ಅಂತ ನನ್ನ ಗಂಡನಿಂದ ಆಣೆ ಮಾಡಿಸಿದರು.

ಮರುದಿನ ಬೆಳಕು ಹರಿಯುವ ಮೊದಲೇ ಅವರು ಎದ್ದು ಹೊರಟರು. ಅವರ ಜೀವಮಾನದ ಹೆಮ್ಮೆ ಆ ಟಾಯ್ಲೆಟ್ಟು. ಅದು ಹಾಳಾದದ್ದನ್ನು ಅವರು ಒಬ್ಬರೇ ನೋಡಬಾರದು ಅಂತ ಪೊರಕೆ, ಬಕೆಟ್ಟು ಹಿಡಿದು ನಾನೂ ಹಿಂದೆಯೇ ಹೋದೆ. ದಾರಿಯಲ್ಲಿ ಗೋಡೆ ಸಿಕ್ಕಿತು. ಬುಡ ಒಣಗಿತ್ತು. ಅತ್ತೆ ನಿಲ್ಲಲಿಲ್ಲ.

ಟಾಯ್ಲೆಟ್ಟಿನಲ್ಲಿ ನಲ್ಲಿಗಳು ಇದ್ದಲ್ಲೇ ಇದ್ದವು. ಒಂದು ಮಗ್ಗಿನ ಹಿಡಿ ಮುರಿದಿತ್ತು. ಮೊಳೆಯ ಮೇಲೆ ಟವೆಲು ಇರಲಿಲ್ಲ. ನಾವು ಹೊಳೆಯುವಂತೆ ತಿಕ್ಕಿದ್ದ ಬಿಳಿಯ ನೆಲದ ತುಂಬ ಕೆಸರು ಹೆಜ್ಜೆಗಳು. ಚಪ್ಪಲಿಯವು, ಬರಿಗಾಲಿನವು, ಒಂದು ಕಾಲು ಎಳೆದು ನಡೆಯುವವರದು, ಬೆರಳು ಬಿಡಿಸಿಕೊಂಡ ಒಂದು ಮಗುವಿನದು. ಒಳಗೆ ಹೋಗಿದ್ದವು, ಹೊರಗೆ ಬಂದಿದ್ದವು.

ನಾನು ನೀರು ಸುರಿಯಲು ಬಕೆಟ್ಟು ಎತ್ತಿದೆ. ಅತ್ತೆ ನನ್ನ ಕೈ ಹಿಡಿದರು. ಅವರ ಕಣ್ಣು ತುಂಬಿತ್ತು.

"ಸ್ವಲ್ಪ ಹೊತ್ತು ಹಂಗೇ ಇರ್ಲಿ ಬಿಡೇ," ಅಂದರು. "ಕಣ್ತುಂಬ ನೋಡ್ತೀನಿ."